ಹಾಸಿಗೆ ಒದ್ದೆ ಮಾಡುವ ಮಗು

ಫಜ್ರ್ ನಮಾಝಿಗೆಂದು ಎದ್ದ ತಾಯಿಯ ಕೈಗೆ ಮೊದಲು ತಗಲುವುದು ಒದ್ದೆ ಹಾಸಿಗೆ. ಆರು ವರ್ಷದ ಮಗ ಗೋಡೆಗೆ ಮುಖ ಮಾಡಿ ನಿದ್ದೆ ಬಂದವನಂತೆ ಮಲಗಿದ್ದಾನೆ. ಬಟ್ಟೆ ನಜಸ್ ಆಯಿತೆಂಬ ಸಿಡುಕು, ನಮಾಝಿಗೆ ತಡವಾಗುತ್ತದೆಂಬ ಅವಸರ, ಎಲ್ಲವೂ ಆ ಎಳೆಯ ಬೆನ್ನಿನ ಮೇಲೆ ಬೀಳುತ್ತದೆ. ನಿಮ್ಮ ಮನೆಯಲ್ಲೂ ಹೀಗಾಗುತ್ತಿದೆಯೇ? ಆ ಮಗು ಮಾಡಿದ ತಪ್ಪಾದರೂ ಏನೆಂದು ಸ್ವಲ್ಪ ಯೋಚಿಸಿರಿ.

ಮೂವರ ಮೇಲಿನಿಂದ ಲೇಖನಿಯನ್ನು ಎತ್ತಲಾಗಿದೆಯೆಂದು ಪ್ರವಾದಿ(ಸ)ರು ತಿಳಿಸಿರುವರು. ನಿದ್ರಿಸಿದವನು ಎಚ್ಚರಗೊಳ್ಳುವ ತನಕ, ಮಗು ಪ್ರೌಢಾವಸ್ಥೆಗೆ ತಲುಪುವ ತನಕ, ಬುದ್ಧಿ ಕೆಟ್ಟವನಿಗೆ ಬುದ್ಧಿ ಮರಳುವ ತನಕ. ಹಾಸಿಗೆ ಒದ್ದೆ ಮಾಡಿದವನು ಮಗುವೂ ಹೌದು, ನಿದ್ರಿಸಿದವನೂ ಹೌದು. ಅಲ್ಲಾಹನು ಲೆಕ್ಕಕ್ಕೆ ಹಿಡಿಯದ ವಿಷಯಕ್ಕೆ ನಾವು ಬೆತ್ತ ಹಿಡಿಯುವುದೇ?

ವೈದ್ಯರು ಹೇಳುವುದೂ ಇದನ್ನೇ. ಇದು ಸೋಮಾರಿತನವಲ್ಲ, ಹಠವೂ ಅಲ್ಲ. ರಾತ್ರಿ ಮೂತ್ರದ ಪ್ರಮಾಣವನ್ನು ತಗ್ಗಿಸುವ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟಿರುವುದಿಲ್ಲ. ಕೆಲವರಿಗೆ ಮೂತ್ರಕೋಶ ತುಂಬಿದರೂ ಎಚ್ಚರವಾಗುವುದಿಲ್ಲ. ಐದನೆಯ ವಯಸ್ಸಿನಲ್ಲಿ 100 ಮಕ್ಕಳಲ್ಲಿ ಸುಮಾರು 15 ಮಂದಿಗೆ ಈ ತೊಂದರೆಯಿರುತ್ತದೆ. ಹೆಚ್ಚಿನವರಲ್ಲಿ ಬೆಳೆದಂತೆಲ್ಲ ತಾನಾಗಿಯೇ ನಿಲ್ಲುತ್ತದೆ. ಇದು ವಂಶದಲ್ಲಿ ಬರುವುದೂ ಉಂಟು. ಗದರುವ ತಂದೆ ತನ್ನ ಬಾಲ್ಯದ ಬಗ್ಗೆ ಒಮ್ಮೆ ತಾಯಿಯೊಡನೆ ವಿಚಾರಿಸಲಿ!

ಮಗುವಿಗೆ ಹಗಲಿನಲ್ಲಿ ಧಾರಾಳ ನೀರು ಕುಡಿಸಿರಿ, ಮಲಗುವ ಒಂದೆರಡು ಗಂಟೆ ಮೊದಲು ಕಡಿಮೆ ಮಾಡಿರಿ. ಸಂಜೆಯ ಚಹಾ ಬೇಡ. ಮಲಬದ್ಧತೆಯೂ ಇದಕ್ಕೆ ಒಂದು ಕಾರಣ. ಅದನ್ನು ಸರಿಪಡಿಸಿದೊಡನೆ ಎಷ್ಟೋ ಮಕ್ಕಳು ಸುಧಾರಿಸಿದ್ದಾರೆ. ನೂಲು ಮಂತ್ರಿಸಿ ಕಟ್ಟಿಸುತ್ತಾ ಕಾಲ ಕಳೆಯಬೇಡಿರಿ. ಆರು ತಿಂಗಳು ಒಣಗಿದ್ದ ಹಾಸಿಗೆ ಪುನಃ ಒದ್ದೆಯಾಗತೊಡಗಿದರೆ, ಮೂತ್ರ ಮಾಡುವಾಗ ಉರಿಯಿದ್ದರೆ, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಿರಿ. ವಿಪರೀತ ಬಾಯಾರಿಕೆಯೊಂದಿಗೆ ಮಗು ಸೊರಗುತ್ತಿದ್ದರೆ ಅಂದೇ ತೋರಿಸಿರಿ, ಅದು ಸಕ್ಕರೆ ಕಾಯಿಲೆಯಾಗಿರಬಹುದು. ಬೇರೇನೂ ಇಲ್ಲದೆ ಏಳು ವರ್ಷ ದಾಟಿದ ಮೇಲೂ ಮುಂದುವರಿದರೆ, ಒದ್ದೆಯಾದೊಡನೆ ಸದ್ದು ಮಾಡುವ ಅಲಾರಂ ಮತ್ತು ಔಷಧಿಗಳಿವೆ.

ಇನ್ನು ಶುದ್ಧಿಯ ಮಾತು. ಹಾಲು ಮಾತ್ರ ಕುಡಿಯುತ್ತಿದ್ದ ಒಂದು ಗಂಡು ಮಗು ಪ್ರವಾದಿ(ಸ)ರ ಮಡಿಲಲ್ಲಿ ಮೂತ್ರ ಮಾಡಿದಾಗ ಅವರು ನೀರು ತರಿಸಿ ಬಟ್ಟೆಯ ಮೇಲೆ ಚಿಮುಕಿಸಿದರೆಂದು ಬುಖಾರಿಯಲ್ಲಿದೆ. ಅನ್ನ ತಿನ್ನುವ ಮಗುವಿನದಾದರೆ ಬಟ್ಟೆಯನ್ನು ತೊಳೆಯಲೇಬೇಕು. ಆದರೆ ತೊಳೆಯಲು ಬೇಕಾದುದು ನೀರು, ಬೈಗುಳವಲ್ಲ. ಹಾಸಿಗೆಯ ಮೇಲೊಂದು ರಬ್ಬರ್ ಶೀಟು, ಅದರ ಮೇಲೆ ಹಳೆಯ ಬಟ್ಟೆ ಹಾಸಿದರೆ ಅರ್ಧ ಕೆಲಸ ಉಳಿಯಿತು. ನೀವು ನಮಾಝಿಗೆ ನಿಲ್ಲುವ ಉಡುಪನ್ನು ಬೇರೆ ಕೋಣೆಯಲ್ಲಿಡಿರಿ.

ನೆರೆಮನೆಯವರ ಮುಂದೆ, ಅಣ್ಣ ತಮ್ಮಂದಿರ ಮುಂದೆ, ಮದ್ರಸದ ಗೆಳೆಯರ ಮುಂದೆ ಈ ವಿಷಯ ಎತ್ತಲೇಬೇಡಿರಿ. ಈದ್‌ಗೆ ಅಜ್ಜಿಯ ಮನೆಗೆ ಹೋಗಲು ಮಗು ಹಿಂಜರಿಯುವುದೇಕೆಂದು ನಿಮಗೆ ಗೊತ್ತಿದೆ. ಚೀಲದ ಅಡಿಯಲ್ಲಿ ಆ ಶೀಟನ್ನೂ ಎರಡು ಜತೆ ಬಟ್ಟೆಯನ್ನೂ ಇಡಿರಿ, ಅಜ್ಜಿಯ ಕಿವಿಯಲ್ಲಿ ಮಾತ್ರ ಹೇಳಿರಿ.