ಬಿಸಿಲಿನಲ್ಲಿ ದುಡಿಯುವ ಬಿಳಿಯ ಪುಡಿ

ಬಿಳಿಯ ಬಣ್ಣ ಬಳಿದ ಹಳೆಯ ಗೇಟನ್ನಾಗಲಿ ಕಿಟಕಿಯ ಚೌಕಟ್ಟನ್ನಾಗಲಿ ಬೆರಳಿನಿಂದ ಸವರಿ ನೋಡಿರಿ. ಹಲವು ಬೇಸಗೆಗಳನ್ನು ಕಂಡ ಬಣ್ಣವಾದರೆ ಸೀಮೆಸುಣ್ಣದಂತಹ ಪುಡಿ ಬೆರಳಿಗೆ ಅಂಟುವುದುಂಟು. ಬಣ್ಣಕ್ಕೆ ಬಿಳುಪನ್ನು ಕೊಡುವ ಟೈಟೇನಿಯಂ ಡೈಆಕ್ಸೈಡು ಬಿಸಿಲು ಬಿದ್ದಾಗ ತನ್ನನ್ನು ಹಿಡಿದಿಟ್ಟಿರುವ ಅಂಟನ್ನೇ ಮೆಲ್ಲಮೆಲ್ಲನೆ ಕೆಡಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ಆದುದರಿಂದ ತಯಾರಕರು ಅದರ ಕಣಗಳಿಗೆ ಸಿಲಿಕ, ಅಲ್ಯೂಮಿನಗಳ ತೆಳುವಾದ ಹೊದಿಕೆಯನ್ನು ತೊಡಿಸುವರು. ಅವರು ಅಡಗಿಸಲು ಯತ್ನಿಸುವ ಈ ದುರ್ಗುಣವನ್ನೇ ಬೆಳೆಸಲು ಬೇರೊಂದು ವರ್ಗದ ವಿಜ್ಞಾನಿಗಳು ಐವತ್ತು ವರ್ಷಗಳಿಂದ ಹೆಣಗುತ್ತಿರುವರು. ನೀರಿನಲ್ಲಿ ಕರಗಿದ ಬಟ್ಟೆಬಣ್ಣ, ಕೀಟನಾಶಕ ಮೊದಲಾದ ಕಲ್ಮಷಗಳನ್ನು ಬಿಸಿಲಿನಿಂದಲೇ ನಾಶಗೊಳಿಸಬಹುದಾದರೆ ಯಾರಿಗೆ ಬೇಡ?

ಟೈಟೇನಿಯಂ ಡೈಆಕ್ಸೈಡು ಒಂದು ಅರೆವಾಹಕ. ತಕ್ಕಷ್ಟು ಶಕ್ತಿಯುಳ್ಳ ಬೆಳಕು ಬಿದ್ದಾಗ ಅದರಲ್ಲಿ ಕಟ್ಟುಬಿದ್ದಿದ್ದ ಎಲೆಕ್ಟ್ರಾನೊಂದು ಬಿಡುಗಡೆ ಹೊಂದುತ್ತದೆ. ಅದು ಬಿಟ್ಟುಹೋದ ತೆರವಿಗೆ ‘ರಂಧ್ರ’ವೆಂದು ಹೆಸರು. ರಂಧ್ರವು ಕಣದ ಮೇಲ್ಮೈಗೆ ಬಂದರೆ ನೀರಿನಿಂದ ಎಲೆಕ್ಟ್ರಾನನ್ನು ಕಸಿದು ಹೈಡ್ರಾಕ್ಸಿಲ್ ಎಂಬ ಉಗ್ರವಾದ ಕಣವನ್ನು ಹುಟ್ಟಿಸುತ್ತದೆ. ಎಲೆಕ್ಟ್ರಾನು ಬಂದರೆ ಆಮ್ಲಜನಕವನ್ನು ಕೆರಳಿಸುತ್ತದೆ. ಕಲ್ಮಷವನ್ನು ಒಡೆಯುವವು ಇವೇ. ಇಷ್ಟಾದರೂ ಪುಡಿ ಖರ್ಚಾಗುವುದಿಲ್ಲವಾಗಿ ಇದನ್ನು ದ್ಯುತಿವೇಗವರ್ಧಕವೆನ್ನುವರು. ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬವರು ಇದೇ ವಸ್ತುವಿನ ವಿದ್ಯುದ್ವಾರದ ಮೇಲೆ ಬೆಳಕು ಬೀಳಿಸಿ ನೀರನ್ನು ಒಡೆದ ಸಂಗತಿಯನ್ನು ೧೯೭೨ರಲ್ಲಿ ಪ್ರಕಟಿಸಿದ ಮೇಲೆ ಲೋಕದ ಗಮನ ಇದರ ಕಡೆಗೆ ಹರಿಯಿತು.

ಆದರೆ ತೊಡಕುಗಳು ಎರಡು. ಎಲೆಕ್ಟ್ರಾನನ್ನು ಬಿಡಿಸಲು ಅನಟೇಸ್ ಎಂಬ ಸ್ಫಟಿಕರೂಪಕ್ಕೆ ಸುಮಾರು ೩.೨, ರೂಟೈಲಿಗೆ ೩.೦ ಎಲೆಕ್ಟ್ರಾನ್ ವೋಲ್ಟು ಶಕ್ತಿ ಬೇಕು. ಅನಟೇಸಿನ ಮಟ್ಟಿಗೆ ಇದು ನೇರಳಾತೀತ ಬೆಳಕೇ ಸರಿ. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಎರಡನೆಯದು ಇನ್ನೂ ಕಠಿನ. ಹೀಗೆ ಹುಟ್ಟಿದ ಎಲೆಕ್ಟ್ರಾನು ರಂಧ್ರಗಳಲ್ಲಿ ಬಹುಪಾಲು ಮೇಲ್ಮೈಯಲ್ಲಿ ಕೆಲಸಕ್ಕೆ ತೊಡಗುವ ಮೊದಲೇ ಪರಸ್ಪರ ಕೂಡಿಕೊಂಡು, ಹೊತ್ತು ತಂದ ಶಕ್ತಿಯನ್ನು ಕಾವಾಗಿ ಚೆಲ್ಲಿಬಿಡುತ್ತವೆ.

ಕಣವನ್ನು ಕಿರಿದು ಮಾಡಿದರೆ ದಾರಿ ಹತ್ತಿರವಾಗುವುದು, ಮೇಲ್ಮೈಯೂ ಹಿಗ್ಗುವುದು. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ ೬ ಚದರ ಸೆಂಟಿಮೀಟರ್. ಅದನ್ನೇ ೨೦ ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ೩೦೦ ಚದರ ಮೀಟರ್! ಹಾಗೆಂದು ಕಿರಿದು ಮಾಡುತ್ತಲೇ ಹೋಗುವಂತಿಲ್ಲ. ಮೇಲ್ಮೈಯ ಕೊರತೆಗಳೇ ಜೋಡಿಗಳು ಕೂಡುವ ತಾಣಗಳಾಗುತ್ತವೆ. ಪ್ಲಾಟಿನಮ್ಮಿನ ಚುಕ್ಕೆಗಳನ್ನು ಕಣದ ಮೇಲೆ ಕೂರಿಸಿದರೆ ಅವು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆದು ರಂಧ್ರದಿಂದ ದೂರವಿಡುವುವು. ಆದರೆ ಪ್ಲಾಟಿನಮ್ಮಿನ ಬೆಲೆಯನ್ನು ವಾಚಕರು ಬಲ್ಲರು. ಪಿ-೨೫ ಎಂಬ ಪ್ರಸಿದ್ಧ ಪುಡಿಯಲ್ಲಿ ಸುಮಾರು ೮೦ ಪಾಲು ಅನಟೇಸ್, ೨೦ ಪಾಲು ರೂಟೈಲ್ ಇವೆ. ಒಂದರಲ್ಲಿ ಹುಟ್ಟಿದ ಎಲೆಕ್ಟ್ರಾನು ಇನ್ನೊಂದಕ್ಕೆ ದಾಟಿಹೋಗುವುದರಿಂದ ಜೋಡಿ ಅಗಲಿರುವುದೆಂದು ಹಲವರ ಮತ.

ಬೇರೆ ಧಾತುವನ್ನು ಬೆರೆಸುವುದು ಮತ್ತೊಂದು ಉಪಾಯ. ೧೯೯೪ರಲ್ಲಿ ಚೊಯ್, ಟರ್ಮಿನ್, ಹಾಫ್‌ಮನ್ ಎಂಬವರು ೨೧ ಲೋಹಗಳ ಅಯಾನುಗಳನ್ನು ಒಂದೊಂದಾಗಿ ಬೆರೆಸಿ ನೋಡಿದರು. ಕಬ್ಬಿಣವು ನೂರಕ್ಕೆ ಅರ್ಧದಷ್ಟಿದ್ದಾಗ ಪುಡಿ ಚುರುಕಾಯಿತು. ಕೋಬಾಲ್ಟು, ಅಲ್ಯೂಮಿನಿಯಂಗಳಿಂದ ಇದ್ದ ಚುರುಕೂ ಕುಂದಿತು. ಉಪಕಾರಿಯಾದ ಲೋಹವೂ ಮಿತಿಮೀರಿದರೆ ಜೋಡಿಗಳನ್ನು ಕೂಡಿಸುವ ದಲ್ಲಾಳಿಯಾಗುತ್ತದೆ. ೨೦೦೧ರಲ್ಲಿ ಜಪಾನಿನ ಅಸಾಹಿ ಮತ್ತು ಸಂಗಡಿಗರು ನೈಟ್ರೊಜನ್ ಬೆರೆಸಿ, ಕಣ್ಣಿಗೆ ಕಾಣುವ ಬೆಳಕಿನಲ್ಲಿಯೂ ಕೆಲಸ ಮಾಡುವ ಹಳದಿ ಪುಡಿಯನ್ನು ಪಡೆದರು. ೨೦೧೧ರಲ್ಲಿ ಚೆನ್ ಮತ್ತು ಮಾವೊ ಅವರು ಹೈಡ್ರೊಜನ್ನಿನ ಸಂಸ್ಕಾರದಿಂದ ಕಪ್ಪು ಪುಡಿಯನ್ನೇ ತೆಗೆದರು. ಆದರೂ ಹೆಚ್ಚು ಬೆಳಕನ್ನು ಹೀರುವುದು ಬೇರೆ, ಹೆಚ್ಚು ಕೆಲಸ ಮಾಡುವುದು ಬೇರೆ. ಕಪ್ಪು ಬಣ್ಣದ ಇದ್ದಿಲೂ ಬೆಳಕನ್ನು ಹೀರುತ್ತದೆ!

ಈ ಭೇದವನ್ನು ನಾನು ಮನಗಂಡುದು ಪುಸ್ತಕದಿಂದಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ವಿದ್ಯಾರ್ಥಿಗಳು ಕಬ್ಬಿಣ ಬೆರೆಸಿದ ಹಳದಿ ಪುಡಿಯನ್ನು ಸಿದ್ಧಪಡಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿಯ ದ್ರಾವಣದಲ್ಲಿ ಹಾಕಿ ಕಾಲೇಜಿನ ತಾರಸಿಯ ಮೇಲಿಟ್ಟರು. ಬಿಳಿಯ ಪುಡಿ ಹಾಕಿದ ಬೀಕರಿಗಿಂತ ಇದು ಬೇಗ ತಿಳಿಯಾಯಿತು. ಅವರ ಸಂಭ್ರಮಕ್ಕೆ ಪಾರವಿಲ್ಲ. ಮರುದಿನ ಇನ್ನೆರಡು ಬೀಕರುಗಳನ್ನು ಇಡಿಸಿದೆ: ಪುಡಿಯಿಲ್ಲದೆ ಬಿಸಿಲಿನಲ್ಲಿ ಒಂದು, ಹಳದಿ ಪುಡಿಯೊಡನೆ ಕತ್ತಲೆಯ ಕಪಾಟಿನಲ್ಲಿ ಇನ್ನೊಂದು. ಬಿಸಿಲಿನ ಬೀಕರು ಸ್ವಲ್ಪವೇ ಮಾಸಿತು. ಕಪಾಟಿನದಾದರೋ ಬಹಳಮಟ್ಟಿಗೆ ತಿಳಿಯಾಗಿತ್ತು. ತಳದಲ್ಲಿ ಕುಳಿತ ಪುಡಿಯೇ ನೀಲಿಯಾಗಿತ್ತು! ಬಣ್ಣ ನಾಶವಾಗಿರಲಿಲ್ಲ, ಪುಡಿಗೆ ಅಂಟಿಕೊಂಡಿತ್ತು, ಅಷ್ಟೆ.

ಮೋಸದ ದಾರಿ ಇದೊಂದೇ ಅಲ್ಲ. ಬಣ್ಣವು ತಾನೇ ಬೆಳಕನ್ನು ಹೀರಿ ತನ್ನ ಎಲೆಕ್ಟ್ರಾನನ್ನು ಪುಡಿಗೆ ದಾಟಿಸಿ ಕೆಡಬಹುದು. ಆಮ್ಲಜನಕದ ಅಭಾವದಲ್ಲಿ ಮೆಥಿಲೀನ್ ಬ್ಲೂ ನಾಶವಾಗದೆಯೇ ವರ್ಣರಹಿತ ರೂಪವನ್ನು ತಾಳುವುದೂ ಉಂಟು; ಗಾಳಿ ತಗಲಿದರೆ ಮತ್ತೆ ನೀಲಿ. ಬಣ್ಣ ಮಾಸಿತೆಂಬ ಒಂದೇ ಆಧಾರದ ಮೇಲೆ ಹೊಸ ಪುಡಿಯನ್ನು ಹೊಗಳುವ ಲೇಖನಗಳನ್ನು ಈಚೆಗೆ ನಾನು ಅರೆಮನಸ್ಸಿನಿಂದಲೇ ಓದುತ್ತೇನೆ. ಬಣ್ಣವಿಲ್ಲದ ಅಸಿಟಿಕ್ ಆಮ್ಲವನ್ನು ತೆಗೆದುಕೊಂಡು, ಅದು ಒಡೆದು ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವುದು ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ. ಆ ಅಳತೆಗೆ ಬೇಕಾದ ಉಪಕರಣ ನಮ್ಮಲ್ಲಿಲ್ಲ. ಹಳದಿ ಪುಡಿಯ ಸೀಸೆಯ ಮೇಲೆ ವಿದ್ಯಾರ್ಥಿಗಳು ಮೊದಲು ‘ಉತ್ತಮ’ ಎಂದು ಬರೆದಿದ್ದರು; ಈಗ ಅದನ್ನು ಹೊಡೆದುಹಾಕಿ ‘ಪರೀಕ್ಷಿಸಬೇಕು’ ಎಂದು ಬರೆದಿದ್ದಾರೆ.