ಎತ್ತರಕ್ಕಿಂತ ಮೊದಲು ಹಿಡಿತ

ಪ್ರೀತಿಯ ತಮ್ಮನಿಗೆ,

ನಿನ್ನ ಜಿಮ್ನಿ ಗಾಡಿಗೆ ಲಿಫ್ಟ್ ಕಿಟ್ ಹಾಕಿಸಿ, ಉದ್ದನೆಯ ಶಾಕ್ ಅಬ್ಸಾರ್ಬರ್ ಕೂರಿಸಿ ಮಲೆನಾಡಿನ ಕಚ್ಚಾ ಹಾದಿಗೆ ಹೊರಟಿದ್ದೀಯ. ಸಂತೋಷ. ಹೊರಡುವ ಮುಂಚೆ ಹಿಂದಿನ ಸ್ಪ್ರಿಂಗ್‌ಗಳ ವಿಚಾರ ಕೇಳಿಸಿಕೊ.

ಹಳೆಯ ಜಿಪ್ಸಿಯಲ್ಲಿ ಇದ್ದದ್ದು ಲೀಫ್ ಸ್ಪ್ರಿಂಗ್. ಯೂ ಬೋಲ್ಟ್ ಹಾಕಿ ಆಕ್ಸಲ್‌ಗೆ ಬಿಗಿದಿರುವುದರಿಂದ ಗಾಲಿ ಎಷ್ಟು ಜೋತುಬಿದ್ದರೂ ಅದು ಜಾಗ ಬಿಡದು. ನಿನ್ನ ಗಾಡಿಯ ಕಾಯಿಲ್ ಸ್ಪ್ರಿಂಗ್ ಹಾಗಲ್ಲ. ಕೆಳಗೆ ಆಕ್ಸಲ್ ಮೇಲಿನ ಸೀಟು, ಮೇಲೆ ಚಾಸಿಯ ಸೀಟು. ನಡುವೆ ಅದನ್ನು ಒತ್ತಿ ಹಿಡಿದಿರುವುದು ಗಾಡಿಯ ಭಾರ. ಸ್ಪ್ರಿಂಗ್ ಪೂರ್ತಿ ಸಡಿಲವಾಗುವ ಮೊದಲೇ ಗಾಲಿಯನ್ನು ತಡೆಯುವ ಕೆಲಸ ಮೂಲ ಶಾಕ್ ಅಬ್ಸಾರ್ಬರಿನದು. ಉದ್ದನೆಯದು ಬಂದರೆ ಆ ತಡೆ ತಪ್ಪುತ್ತದೆ.

ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೇನೆ ಎಂದು ಧೈರ್ಯ ತಂದುಕೊಳ್ಳಬೇಡ. ಲೆಕ್ಕ ನೋಡು: ಮಿಲಿಮೀಟರಿಗೆ 2 ಕೆ.ಜಿ. ಬೇಡುವ ಸ್ಪ್ರಿಂಗ್ 200 ಕೆ.ಜಿ. ಹೊತ್ತರೆ 100 ಮಿ.ಮೀ. ಕುಗ್ಗುತ್ತದೆ, 4 ಕೆ.ಜಿ. ಬೇಡುವುದು 50 ಮಿ.ಮೀ. ಮಾತ್ರ. ಅಂದರೆ ಗಟ್ಟಿ ಸ್ಪ್ರಿಂಗಿನ ಮಗ್ಗುಲಲ್ಲಿ ಸೀಟು 50 ಮಿ.ಮೀ. ಕೆಳಗಿಳಿದರೆ ಸಾಕು, ಅದು ಸಡಿಲ. ಕೊರಕಲಲ್ಲಿ ಒಂದು ಗಾಲಿ ಏರಿ ಇನ್ನೊಂದು ಇಳಿದಾಗ ಆಕ್ಸಲ್ ಓರೆಯಾಗಿ ಸ್ಪ್ರಿಂಗ್ ವಾಲುತ್ತದೆ. ಭಾರ ಮರಳಿದಾಗ ಸರಿಯಾಗಿ ಕೂತರೆ ‘ಟಣ್’ ಎಂಬ ಸದ್ದಿಗೆ ಮುಗಿಯಿತು. ಇಲ್ಲದಿದ್ದರೆ ಗಾಡಿ ಒಂದು ಮಗ್ಗುಲಿಗೆ ಕುಸಿಯುತ್ತದೆ.

ಮನೆಯಲ್ಲೇ ಪರೀಕ್ಷಿಸು. ಸಮತಟ್ಟು ಗಟ್ಟಿ ನೆಲ, ಮುಂದಿನ ಗಾಲಿಗಳಿಗೆ ಅಡೆಗಲ್ಲು. ಜಾಕನ್ನು ಚಾಸಿಗೆ ಕೊಟ್ಟು ಹಿಂಭಾಗ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸು. ಬರೀ ಜಾಕ್ ನಂಬಿ ಅಡಿಗೆ ತೂರಬೇಡ. ಜಾಕ್ ಏರಿಳಿಯುವಾಗ ಸ್ಪ್ರಿಂಗ್ ಹತ್ತಿರ ಕೈ ಇಡಬೇಡ. ಗಾಲಿಗಳು ಜೋತುಬಿದ್ದ ಮೇಲೆ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡು. ತಿರುಗಿತೋ, ಗಾಡಿ ಹಾದಿಗೆ ತಯಾರಿಲ್ಲ. ಬ್ರೇಕ್ ಹೋಸ್, ಎಬಿಎಸ್ ವೈರು ಬಿಗಿದು ಎಳೆದುಕೊಂಡಿವೆಯೇ ಎಂದೂ ಆಗಲೇ ನೋಡಿಕೊ.

ಪರಿಹಾರ ಕಷ್ಟದ್ದಲ್ಲ. ಬಿಚ್ಚಿಟ್ಟಾಗಲೂ ಸಾಕಷ್ಟು ಉದ್ದವಿರುವ ಸ್ಪ್ರಿಂಗ್ ಹಾಕಿಸು, ಇಲ್ಲವೇ ಈಗಿರುವ ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸು. ಎರಡೂ ಆಗದಿದ್ದರೆ ಆಕ್ಸಲ್‌ಗೂ ಚಾಸಿಗೂ ಲಿಮಿಟ್ ಸ್ಟ್ರಾಪ್ ಕಟ್ಟಿಸು. ಸ್ಪ್ರಿಂಗ್ ಸಡಿಲವಾಗುವ ಮುಂಚೆಯೇ ಅದು ಬಿಗಿಯಬೇಕು. ಸ್ಪ್ರಿಂಗಿನ ಕೆಳತುದಿಗೊಂದು ಕ್ಲ್ಯಾಂಪು ಇದ್ದರೆ ಒಳ್ಳೆಯದು. ಎರಡೂ ತುದಿ ಮಾತ್ರ ಬಿಗಿಸಬೇಡ. ಗಾಲಿ ಇಳಿದಾಗ ಸ್ಪ್ರಿಂಗ್ ಗಾಡಿಯನ್ನೇ ಕೆಳಕ್ಕೆ ಎಳೆಯತೊಡಗುತ್ತದೆ.

ಸ್ಟ್ರಾಪ್ ಕಟ್ಟಿದರೆ ಗಾಲಿ ಇಳಿಯುವುದು ಕಡಿಮೆಯಾಯಿತೆಂದು ಕೊರಗಬೇಡ. ಸ್ಪ್ರಿಂಗ್ ಸಡಿಲವಾದ ಮೇಲೆ ಗಾಲಿಯನ್ನು ನೆಲಕ್ಕೆ ಒತ್ತುವುದು ಗಾಲಿ, ಆಕ್ಸಲ್‌ಗಳ ಸ್ವಂತ ತೂಕವಷ್ಟೇ. ಅಂಥ ಗಾಲಿ ನೆಲ ಮುಟ್ಟಿದರೂ ಕೆಸರಲ್ಲಿ ಸುಮ್ಮನೆ ತಿರುಗುತ್ತದೆ. ನೋಡುವವರಿಗೆ ಹಾಗೆ ಜೋತುಬಿದ್ದ ಗಾಲಿ ಚೆಂದ ಕಾಣಬಹುದು. ಆದರೆ ಗಾಡಿಯನ್ನು ಮುಂದೆ ಒಯ್ಯುವುದು ಸ್ಪ್ರಿಂಗ್ ಒತ್ತಿ ಹಿಡಿದ ಗಾಲಿಯೇ. ಮೊದಲ ಪಯಣ ಮುಗಿದ ಮೇಲೆ ಇನ್ನೊಮ್ಮೆ ಅಡಿಗೆ ಹೋಗಿ ಸೀಟು, ರಬ್ಬರು, ಬೋಲ್ಟು ಎಲ್ಲ ನೋಡು. ನಿನ್ನ ಜೊತೆ ಕೂತು ಬರುವವರ ಜೀವಕ್ಕೆ ನೀನೇ ಹೊಣೆ.

ನಿನ್ನ ಹಿತ ಬಯಸುವ,
ಅಣ್ಣ