ಹೊಸ ಗಣಕಯಂತ್ರಕ್ಕೆ ಹಳೆಯ ಮುಖ

ಸದಸ್ಯ ಬಾಂಧವರಲ್ಲಿ ಅನೇಕರು ತೋಟದ ಲೆಕ್ಕ, ಕೂಲಿಯ ಪಟ್ಟಿ, ಗೊಬ್ಬರದ ಬಾಬ್ತು ಇವನ್ನೆಲ್ಲ ಈಗ ಗಣಕಯಂತ್ರದಲ್ಲಿಯೇ ಬರೆದಿಡುತ್ತಾರೆ. ಹಳೆಯ ಯಂತ್ರ ಕೆಟ್ಟು ಹೊಸದನ್ನು ತಂದವರಿಗೆ ಒಂದು ತೊಡಕು ಎದುರಾಗುತ್ತದೆ. ಯಂತ್ರವೇನೋ ಚುರುಕು, ಆದರೆ ತೆರೆಯ ಮೇಲೆ ಯಾವುದೂ ಇದ್ದಲ್ಲಿ ಇಲ್ಲ. ಹತ್ತಾರು ವರ್ಷ ಒಂದೇ ಮೊಳೆಗೆ ಕತ್ತಿ ಸಿಕ್ಕಿಸಿದವನು ಕತ್ತಲಲ್ಲಿಯೂ ಕೈ ನೀಡಿ ಅದನ್ನು ತೆಗೆಯುತ್ತಾನೆ. ಮೊಳೆ ಬದಲಾದರೆ ಹಗಲಿನಲ್ಲಿಯೂ ತಡವರಿಸುತ್ತಾನೆ. ಇದು ದಡ್ಡತನವಲ್ಲ, ಕೈಯ ರೂಢಿ.

ಬೇಸರಗೊಂಡು ಹೊಸ ಯಂತ್ರಕ್ಕೆ ಬಟ್ಟೆ ಮುಚ್ಚಿ, ಮತ್ತೆ ಹಳೆಯದನ್ನೇ ಹಚ್ಚಿಕೊಂಡವರನ್ನು ನಾವು ಕಂಡಿದ್ದೇವೆ. ಇದು ಒಳ್ಳೆಯದಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ರಕ್ಷಣೆಯ ತೇಪೆ ಬೀಳದ ಯಂತ್ರದಲ್ಲಿ ಬ್ಯಾಂಕಿನ ಗುಪ್ತಪದ ಒತ್ತುವುದು ಬಾಗಿಲಿಲ್ಲದ ಉಗ್ರಾಣದಲ್ಲಿ ಅಡಿಕೆ ಇಟ್ಟಂತೆ. ಆದ್ದರಿಂದ ಒಳಗು ಹೊಸದೇ ಇರಲಿ, ಮುಖ ಮಾತ್ರ ಹಳೆಯದಾಗಲಿ ಎಂಬುದು ನಮ್ಮ ಅಭಿಪ್ರಾಯ.

ಕೆಳಗಿನ ಎಡಮೂಲೆಯ ಸ್ಟಾರ್ಟ್ ಗುಂಡಿ 1995ರಲ್ಲಿ ವಿಂಡೋಸ್ 95ರೊಡನೆ ಬಂದುದು. 2012ರ ವಿಂಡೋಸ್ 8ರಲ್ಲಿ ಅದನ್ನು ತೆಗೆದುಹಾಕಿದರು. ಬಳಕೆದಾರರು ಗಲಾಟೆ ಮಾಡಿದ ಮೇಲೆ 2013ರಲ್ಲಿ ಗುಂಡಿ ಮರಳಿತು. 2021ರ ವಿಂಡೋಸ್ 11ರಲ್ಲಿ ಅದು ನಡುವಿಗೆ ಸರಿಯಿತು. ಹೀಗೆ ಸರಿಸಿದ್ದರಿಂದ ಯಾರಿಗೆ ಲಾಭವಾಯಿತೋ ನಮಗೆ ತಿಳಿಯದು.

ಅದನ್ನು ಎಡಕ್ಕೆ ತರುವುದು ಸುಲಭ. ಕೆಳಪಟ್ಟಿಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆದು, ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂಬಲ್ಲಿ ಅಲೈನ್‌ಮೆಂಟ್ ಅನ್ನು ಲೆಫ್ಟ್ ಎಂದು ಮಾಡತಕ್ಕದ್ದು. ಅಲ್ಲಿಯೇ ಕಂಬೈನ್ ಎಂಬುದನ್ನು ನೆವರ್ ಎಂದು ಮಾಡಿದರೆ, ತೆರೆದ ಪ್ರತಿಯೊಂದು ಕಡತವೂ ತನ್ನ ಹೆಸರಿನೊಡನೆ ಬೇರೆ ಬೇರೆಯಾಗಿ ಕಾಣುತ್ತದೆ. ಎರಡು ವರ್ಷದ ಕೂಲಿ ಪಟ್ಟಿಗಳನ್ನು ಒಟ್ಟಿಗೆ ತೆರೆದಿಟ್ಟು ತಪ್ಪು ಹಾಳೆಯಲ್ಲಿ ಅಂಕಿ ಬರೆಯುವ ಪ್ರಮಾದ ಇದರಿಂದ ತಪ್ಪೀತು. ಈ ಸೌಲಭ್ಯ ವಿಂಡೋಸ್ 11ಕ್ಕೆ ಮರಳಿದ್ದು 2023ರಲ್ಲಿ. ಕಾಣದಿದ್ದರೆ ಅಪ್‌ಡೇಟ್ ಬಾಕಿ ಇದೆಯೆಂದು ತಿಳಿಯಿರಿ.

ಮಾಯವಾದ ಮೈ ಕಂಪ್ಯೂಟರ್ ಚಿತ್ರಕ್ಕೆ ಈಗ ದಿಸ್ ಪಿಸಿ ಎಂದು ಹೆಸರು. ಪರ್ಸನಲೈಸೇಶನ್, ಥೀಮ್ಸ್, ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಹೋಗಿ ಗುರುತು ಹಾಕಿದರೆ ಅದು ತೆರೆಗೆ ಬರುತ್ತದೆ. ಬಲಗುಂಡಿಯ ಹಳೆಯ ಉದ್ದಪಟ್ಟಿ ಬೇಕಾದವರು ಶಿಫ್ಟ್ ಕೀಲಿ ಹಿಡಿದು ಒತ್ತಿದರೆ ಸಾಕು. ಅದನ್ನು ಕಾಯಂ ಮಾಡಲು ರಿಜಿಸ್ಟ್ರಿ ತಿದ್ದುವ ಉಪಾಯವೂ ಇದೆ. ಬಲ್ಲವರು ಪಕ್ಕದಲ್ಲಿ ಇಲ್ಲದೆ ಅದಕ್ಕೆ ಕೈ ಹಾಕಬಾರದು.

ಇಷ್ಟಕ್ಕೂ ತೃಪ್ತಿಯಾಗದೆ ಹಳೆಯ ಸ್ಟಾರ್ಟ್ ಪಟ್ಟಿಯೇ ಬೇಕೆನ್ನುವವರಿಗೆ ಓಪನ್ ಶೆಲ್ ಎಂಬ ಉಚಿತ ತಂತ್ರಾಂಶವಿದೆ. ಹಿಂದಿನ ಕ್ಲಾಸಿಕ್ ಶೆಲ್‌ನ ಕೆಲಸ 2017ರಲ್ಲಿ ನಿಂತ ಮೇಲೆ ಸ್ವಯಂಸೇವಕರು ಮುಂದುವರಿಸಿದ್ದು ಇದು. ಒಂದು ಕಂಬದ ಪಟ್ಟಿ, ಎರಡು ಕಂಬದ ಪಟ್ಟಿ, ವಿಂಡೋಸ್ 7ರ ಮಾದರಿ, ಹೀಗೆ ಮೂರು ಬಗೆಗಳಲ್ಲಿ ಮನಸ್ಸಿಗೆ ಬಂದುದನ್ನು ಆರಿಸಬಹುದು. ಗಿಟ್‌ಹಬ್‌ನಲ್ಲಿರುವ ಮೂಲ ತಾಣದಿಂದಲೇ ಇಳಿಸಿಕೊಳ್ಳಿ. ಇದೇ ಹೆಸರು ಹೇಳಿ ಬೇರೆಡೆ ಹಂಚುವುದನ್ನು ನಂಬಬೇಡಿ. ಹಾಕುವ ಮೊದಲು ಲೆಕ್ಕದ ಕಡತಗಳ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ಇರತಕ್ಕದ್ದು. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದಾಗ ಈ ಪಟ್ಟಿ ಒಮ್ಮೊಮ್ಮೆ ಎಡವುವುದುಂಟು. ಗಾಬರಿ ಬೇಡ, ಹೊಸ ಆವೃತ್ತಿ ಹಾಕಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ವಿಂಡೋಸ್ 11 ಹಿಡಿಸದಷ್ಟು ಹಳೆಯ ಯಂತ್ರ ಉಳ್ಳವರಿಗೆ ಲಿನಕ್ಸ್ ಮಿಂಟಿನ ಮಾಟೆ ಆವೃತ್ತಿ ಒಂದು ದಾರಿ. 2011ರಲ್ಲಿ ಗ್ನೋಮ್ ಎಂಬ ಲಿನಕ್ಸ್ ಮುಖವನ್ನು ಪೂರಾ ಬದಲಿಸಿದಾಗ, ಒಪ್ಪದವರು ಹಳೆಯದನ್ನೇ ಬೇರೆ ಹೆಸರಿನಲ್ಲಿ ಬದುಕಿಸಿಕೊಂಡರು, ಅದೇ ಮಾಟೆ. ದಕ್ಷಿಣ ಅಮೆರಿಕದಲ್ಲಿ ಎಲೆ ಹಾಕಿ ಕುಡಿಯುವ ಒಂದು ಪಾನೀಯದ ಹೆಸರದು. ಕಾಫಿ ಬೆಳೆಗಾರರು ಇದೊಂದನ್ನು ಮನ್ನಿಸಬೇಕು. ಯಂತ್ರದೊಳಗೆ ಹಾಕದೆ ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಆದರೆ ವಿಂಡೋಸಿಗಾಗಿ ಬರೆದ ಲೆಕ್ಕಪತ್ರದ ತಂತ್ರಾಂಶ ಅದರಲ್ಲಿ ನೇರವಾಗಿ ನಡೆಯದು. ಹಾಕುವ ಮುನ್ನ ಅದನ್ನು ವಿಚಾರಿಸಿಕೊಳ್ಳತಕ್ಕದ್ದು.